ಟಿಕೆಟ್ ತೆಗೆಸಿಕೊಟ್ಟರೆ ಊರು ಮುಟ್ಟಲ್ಲ

ನಮ್ಮ ಆಫೀಸಿನಲ್ಲಿ ಒಂದು ಕೆಟ್ಟ ಚಾಳಿ ಇದೆ. (ನಿಮ್ಮ ಆಫೀಸಿನಲ್ಲೂ ಇರುತ್ತೆ, ಸುಮ್ನೆ ಒಪ್ಕೊಳ್ಳಿ.) ಕಸ್ಟಮರ್ ಕಡೆಯಿಂದ ಯಾರೋ ‘ಇದು ಕೆಲಸ ಮಾಡ್ತಿಲ್ಲ’ ಅಂತ ಟಿಕೆಟ್ ಹಾಕ್ತಾರೆ. ನಾವು ಏನೋ ಒಂದು ತೇಪೆ ಹಚ್ಚಿ, ‘ರಿಸಾಲ್ವ್ಡ್’ ಅಂತ ಬರೆದು, ಟಿಕೆಟ್ ಕ್ಲೋಸ್ ಮಾಡಿ ಕಾಫಿಗೆ ಹೋಗ್ತೀವಿ. ಅವರ ತೊಂದರೆ ನಿಜವಾಗಿ ತೀರಿತಾ ಅಂತ ಯಾರೂ ಕೇಳೋಕೆ ಹೋಗಲ್ಲ. ಮೂರು ದಿನ ಬಿಟ್ಟು ಅದೇ ಟಿಕೆಟ್ ‘ರೀಓಪನ್’ ಆಗಿ ವಾಪಸ್ ಬಂದಾಗ ಮಾತ್ರ ಮುಖ ಕಿವುಚಿಕೊಳ್ತೀವಿ.

ಹೋದ ಮಳೆಗಾಲದಲ್ಲಿ ನಾನು ಹೀಗೇ ಒಂದು ಟಿಕೆಟ್ ಕ್ಲೋಸ್ ಮಾಡಿದೆ. ಅದು ರೈಲಿನ ಟಿಕೆಟ್. ರೀಓಪನ್ ಆಗಿ ಬಂದದ್ದು ಹಳದಿಗಟ್ಟಿದ ಕಣ್ಣಿನ ಒಬ್ಬ ಹುಡುಗ.

ನಾನಿರೋದು ವರ್ತೂರು ಆಚೆ. ನಮ್ಮ ಅಪಾರ್ಟ್‌ಮೆಂಟಿನ ಎದುರಿಗೆ ಇನ್ನೊಂದು ಅಪಾರ್ಟ್‌ಮೆಂಟ್ ಏಳುತ್ತಾ ಇದೆ. ಅದರ ಪಕ್ಕದಲ್ಲಿ ತಗಡಿನ ಲೇಬರ್ ಶೆಡ್ಡುಗಳು, ಶೆಡ್ಡುಗಳ ಮುಂದೆ ಹಾಸನದ ಕಡೆಯ ಅಣ್ಣ ಒಬ್ಬರ ಟೀ ಅಂಗಡಿ. ಬೆಳಗ್ಗೆ ಕ್ಯಾಬ್ ಬರೋವರೆಗೂ ನಾನು ಅಲ್ಲಿ ನಿಲ್ಲೋದು ಅಭ್ಯಾಸ. ನಾಲ್ಕೈದು ದಿನದಿಂದ ಒಬ್ಬ ಹುಡುಗ ಅಂಗಡಿಯ ಕಟ್ಟೆ ಮೇಲೆ ಮುದುಡಿಕೊಂಡು ಕೂತಿರ್ತಿದ್ದ. ಟೀ ಕುಡಿಯಲ್ಲ, ಬೀಡಿ ಸೇದಲ್ಲ, ಕೆಲಸಕ್ಕೂ ಹೋಗಲ್ಲ. ‘ಏನಣ್ಣ ಅವನ ಕಥೆ?’ ಅಂದೆ. ‘ಕಾಮಾಲೆ ಸಾರ್. ಒರಿಸ್ಸಾದವ್ನು. ಎರಡು ವಾರದಿಂದ ಕೆಲಸ ಇಲ್ಲ. ನಾನೇ ಬೆಳಗ್ಗೆ ಎರಡು ಇಡ್ಲಿ ಕೊಡ್ತೀನಿ, ಅದೂ ಸೇರಲ್ಲ ಅವ್ನಿಗೆ’ ಅಂದರು.

ಮಾತಾಡಿಸಿದೆ. ಅವನ ಹಿಂದಿ ನನ್ನ ಹಿಂದಿಗಿಂತ ಸ್ವಲ್ಪ ವಾಸಿ, ಅಷ್ಟೇ. ಊರು ಕಾಲಾಹಂಡಿ ಜಿಲ್ಲೆ. ವಯಸ್ಸು 22. ಸೆಂಟ್ರಿಂಗ್ ಕೆಲಸದಲ್ಲಿ ಹೆಲ್ಪರ್. ‘ಊರಿಗೆ ಹೋಗಬೇಕಾ?’ ಅಂತ ಕೇಳಿದೆ. ತಲೆ ಅಲ್ಲಾಡಿಸಿದ. ಅದು ಹೌದು ಅಂತಲೋ ಇಲ್ಲ ಅಂತಲೋ ನಾನು ಸರಿಯಾಗಿ ನೋಡಲೇ ಇಲ್ಲ ಅಂತ ಈಗ ಅನ್ನಿಸುತ್ತೆ. ಆದರೆ ಆವತ್ತು ನನಗೆ ಭಾರೀ ಉತ್ಸಾಹ. ಕ್ಯಾಬ್‌ನಲ್ಲಿ ಕೂತೇ ಮೊಬೈಲ್ ತೆಗೆದೆ. ಪ್ರಶಾಂತಿ ಎಕ್ಸ್‌ಪ್ರೆಸ್, ಮೆಜೆಸ್ಟಿಕ್ಕಿನಿಂದ ಮಧ್ಯಾಹ್ನ ಹೊರಡುತ್ತೆ, ವಿಜಯನಗರಂನಲ್ಲಿ ಇಳಿದು ರಾಯಗಢದ ಕಡೆಗೆ ಹೋಗೋ ಇನ್ನೊಂದು ರೈಲು ಹಿಡಿದರೆ ಅವನ ಊರಿನ ಹತ್ತಿರದ ಕೇಸಿಂಗಾ ಸ್ಟೇಷನ್. ತತ್ಕಾಲ್‌ನಲ್ಲಿ ಸ್ಲೀಪರ್ ಸೀಟೂ ಸಿಕ್ಕಿತು. ಮರುದಿನ ರಜೆ ಹಾಕಿ, ಆಟೋದಲ್ಲಿ ಕರ್ಕೊಂಡು ಹೋಗಿ ಪ್ಲಾಟ್‌ಫಾರ್ಮಿಗೆ ಬಿಟ್ಟು, ಕೈಗೆ 800 ರೂಪಾಯಿ, ಎರಡು ಬಾಟಲಿ ನೀರು, ಒಂದು ಪ್ಯಾಕೆಟ್ ಗ್ಲೂಕೋಸ್ ಬಿಸ್ಕತ್ತು ಕೊಟ್ಟೆ. ಜೊತೆಯಲ್ಲಿ ಒಂದು ಸೆಲ್ಫಿ. ಅದನ್ನ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಹೌದು, ಹಾಕಿದೆ. ‘ಗ್ರೇಟ್ ಜಾಬ್ ಮಗಾ’ ಅಂತ ಮೆಸೇಜುಗಳು ಬಂದವು. ಮೀಟಿಂಗ್ ಇತ್ತು, ರೈಲು ಹೊರಡೋಕೆ ಇನ್ನೂ ಒಂದು ಗಂಟೆ ಇರುವಾಗಲೇ ಹೊರಟುಬಂದೆ.

ನಾಲ್ಕನೇ ದಿನ ಬೆಳಗ್ಗೆ ಅದೇ ಕಟ್ಟೆ, ಅದೇ ಹುಡುಗ. ಕಣ್ಣು ಮೊದಲಿಗಿಂತ ಹಳದಿ.

ನನಗೆ ಮೊದಲು ಬಂದದ್ದು ಸಿಟ್ಟು, ಸುಳ್ಳು ಯಾಕೆ ಹೇಳಲಿ. ನನ್ನ ದುಡ್ಡು, ನನ್ನ ರಜೆ! ‘ಯಾಕೋ ಹೋಗಲಿಲ್ಲ?’ ಅಂತ ಸ್ವಲ್ಪ ಜೋರಾಗೇ ಕೇಳಿದೆ. ನೆಲ ನೋಡಿಕೊಂಡು ಹೇಳಿದ: ‘ಹಿಸಾಬ್ ನಹೀ ಹುವಾ, ಭಯ್ಯಾ.’

ಲೆಕ್ಕ ಆಗಿಲ್ಲ. ರೈಲು ಬಂದದ್ದನ್ನೂ ನೋಡಿದ್ದಾನೆ, ಹೋದದ್ದನ್ನೂ ನೋಡಿದ್ದಾನೆ. ಹತ್ತಲಿಲ್ಲ. ನನಗೆ ಮುಖ ತೋರಿಸೋಕೆ ನಾಚಿಕೆಯಾಗಿ ಎರಡು ರಾತ್ರಿ ಮೆಜೆಸ್ಟಿಕ್ಕಿನಲ್ಲೇ ಮಲಗಿದ್ದ. ಕಾಮಾಲೆ ಮೈಯಲ್ಲಿಟ್ಟುಕೊಂಡು, ಆ ಮಳೆಯಲ್ಲಿ. ನನ್ನ ಉಪಕಾರದಿಂದ ಅವನಿಗೆ ಆದ ಲಾಭ ಅದು.

ಈ ‘ಹಿಸಾಬ್’ ಏನು ಅಂತ ಗೊತ್ತಿಲ್ಲದೆ ನಾವು ಯಾರನ್ನೂ ಊರಿಗೆ ಕಳಿಸೋಕೆ ಹೋಗಬಾರದು ಅನ್ನೋದೇ ನಾನಿಲ್ಲಿ ಹೇಳಬೇಕು ಅಂದುಕೊಂಡಿರೋದು. ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

ನಮಗೆಲ್ಲ ತಿಂಗಳ ಕೊನೆಗೆ ಸಂಬಳ ಬೀಳುತ್ತೆ. ಕಟ್ಟಡದ ಕೆಲಸಕ್ಕೆ ಬರೋ ಇವರಲ್ಲಿ ಬಹಳಷ್ಟು ಜನಕ್ಕೆ ಹಾಗಲ್ಲ. ಮೇಸ್ತ್ರಿ ವಾರಕ್ಕೊಮ್ಮೆ ‘ಖರ್ಚಿ’ ಅಂತ ಒಂದಿಷ್ಟು ಕೊಡ್ತಾನೆ. ಅಕ್ಕಿ, ತರಕಾರಿ, ಮೊಬೈಲ್ ರೀಚಾರ್ಜಿಗೆ ಅಂತ. ಮಿಕ್ಕ ಕೂಲಿ ಅವನ ಹತ್ತಿರವೇ. ಊರಿಗೆ ಹೊರಡೋ ದಿನ ಕೂತು ಲೆಕ್ಕ ಮಾಡಿ, ಖರ್ಚಿ ಕಳೆದು, ಊರಲ್ಲಿ ಮೊದಲೇ ಕೊಟ್ಟ ಅಡ್ವಾನ್ಸ್ ಕಳೆದು, ಉಳಿದದ್ದು ಕೈಗೆ. ಅದೇ ಹಿಸಾಬ್. ಮೇಲಿನಿಂದ ನೋಡಿದರೆ ಇದು ಉಳಿತಾಯದ ಥರಾನೇ ಕಾಣುತ್ತೆ. ಕೈಗೆ ಕೊಟ್ಟರೆ ಖರ್ಚಾಗುತ್ತೆ, ಊರಿಗೆ ಹೋಗುವಾಗ ಒಟ್ಟಿಗೆ ಸಿಗುತ್ತೆ ಅಂತ ಕೆಲವು ಹುಡುಗರೇ ಹೇಳ್ತಾರೆ. ಆದರೆ ಇನ್ನೊಂದು ಬದಿಯಿಂದ ನೋಡಿ. ಊರಿಗೆ ಹೋಗಬೇಕು ಅಂದರೆ ಹಿಸಾಬ್ ಆಗಬೇಕು. ಹಿಸಾಬ್ ಯಾವಾಗ ಅನ್ನೋದು ಮೇಸ್ತ್ರಿಯ ಮರ್ಜಿ. ಅಂದರೆ ಊರಿಗೆ ಹೋಗೋದೂ ಮೇಸ್ತ್ರಿಯ ಮರ್ಜಿ. ಬೀಗ ಇಲ್ಲ, ಕಾವಲು ಇಲ್ಲ, ಆದರೂ ಹೋಗೋ ಹಾಗಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಖರ್ಚಿ ಕೊಡೋದು ಕೆಲಸಕ್ಕೆ ಇಳಿದವರಿಗೆ ಮಾತ್ರ. ಕಾಯಿಲೆ ಬಿದ್ದು ಶೆಡ್ಡಿನಲ್ಲಿ ಮಲಗಿದವನಿಗೆ ಇಲ್ಲ. 74 ದಿನದ ಕೂಲಿ ಮೇಸ್ತ್ರಿ ಹತ್ತಿರ ಇಟ್ಟುಕೊಂಡಿದ್ದ ಹುಡುಗ, ಅದೇ ಮೇಸ್ತ್ರಿಯ ಶೆಡ್ಡಿನಲ್ಲಿ ಪಕ್ಕದವರ ಹತ್ತಿರ ಅನ್ನ ಸಾಲ ಮಾಡಿ ತಿಂತಿದ್ದ. ತನ್ನದೇ ದುಡ್ಡಿಗೆ ತಾನೇ ಭಿಕ್ಷುಕ.

ಇದೆಲ್ಲ ನನಗೆ ಹೊಸದಾಗಿರಬಾರದಿತ್ತು. ನಾನು ಕೊಪ್ಪಳ ಜಿಲ್ಲೆ, ಕುಷ್ಟಗಿ ತಾಲ್ಲೂಕಿನವನು. ನಮ್ಮ ಕಡೆ ಇದಕ್ಕೆ ‘ಗುಳೆ ಹೋಗೋದು’ ಅಂತಾರೆ. ಮಳೆ ಕೈಕೊಟ್ಟರೆ ಮನೆಗೆ ಬೀಗ, ಮುದುಕರಿಗೆ ಜೋಳ, ಮಿಕ್ಕವರು ಗೋವಾ, ಮಂಗಳೂರು, ಉಡುಪಿ, ಬೆಂಗಳೂರು. ನಮ್ಮ ಓಣಿಯ ಕಾಕಾ ಒಬ್ಬರು ಗೋವಾಕ್ಕೆ ಹೋದವರು ಎರಡು ಪಂಚಮಿ ಹಬ್ಬಕ್ಕೆ ಬರಲೇ ಇಲ್ಲ. ಅಲ್ಲೇ ಇನ್ನೊಂದು ಸಂಸಾರ ಮಾಡ್ಯಾನ ಅಂತ ಊರೆಲ್ಲ ಮಾತು. ಕಾಕಿ ಅತ್ತು ಅತ್ತು ಸಾಕಾಗಿ ಅಳೋದನ್ನೇ ಬಿಟ್ಟಿದ್ದರು. ಮೂರನೇ ವರ್ಷ ಬಂದಾಗ ಅವರು ಹೇಳಿದ್ದು ಒಂದೇ ಮಾತು: ‘ಪಗಾರ ಚುಕ್ತಾ ಆಗಿರ್ಲಿಲ್ಲ. ಬರಿಗೈಲೆ ಹೆಂಗ ಬರ್ಲಿ?’ ನಾನಾಗ ಹೈಸ್ಕೂಲು. ಬಸ್ ಚಾರ್ಜಿಗೂ ದುಡ್ಡಿರಲಿಲ್ಲವೇನೋ ಅಂದುಕೊಂಡಿದ್ದೆ. ಬಸ್ ಚಾರ್ಜು ಇತ್ತು, ಊರಿಗೆ ತೋರಿಸೋ ಮುಖ ಇರಲಿಲ್ಲ ಅಂತ ಅರ್ಥವಾಗೋಕೆ ನನಗೆ ಒಬ್ಬ ಒಡಿಯಾ ಹುಡುಗ ಬೇಕಾಯ್ತು ನೋಡಿ.

ಈಗ ದೊಡ್ಡ ಚಿತ್ರಕ್ಕೆ ಬರೋಣ. ಈ ಊರು, ಅಂದರೆ ಬೆಂಗಳೂರು, ಹೊರಗಿನಿಂದ ಬಂದವರನ್ನ ಕಳಿಸೋದರಲ್ಲಿ ವಿಚಿತ್ರ ಇತಿಹಾಸ ಇಟ್ಟುಕೊಂಡಿದೆ.

2012ರ ಆಗಸ್ಟ್ ನೆನಪಿದೆಯಾ? ಈಶಾನ್ಯ ರಾಜ್ಯದವರ ಮೇಲೆ ಹಲ್ಲೆ ಆಗುತ್ತೆ ಅಂತ ಎಸ್ಸೆಮ್ಮೆಸ್ಸಿನಲ್ಲಿ ಗಾಳಿಸುದ್ದಿ ಹಬ್ಬಿ, ಎರಡು ಮೂರು ದಿನದಲ್ಲಿ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ಆಗ ವಿಶೇಷ ರೈಲುಗಳು ಗಂಟೆಗಳಲ್ಲಿ ಸಿದ್ಧವಾದವು. ಗೃಹ ಸಚಿವರಾಗಿದ್ದ ಆರ್. ಅಶೋಕ್ ಸ್ಟೇಷನ್ನಿಗೇ ಹೋಗಿ ‘ಹೋಗಬೇಡಿ, ಭಯ ಬೇಡ’ ಅಂತ ಕೇಳಿಕೊಂಡರು. ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ಹದಿನೈದು ದಿನ ನಿರ್ಬಂಧ ಹಾಕಿತ್ತು.

ಎಂಟು ವರ್ಷ ಬಿಟ್ಟು 2020. ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆ, ಹನ್ನೆರಡಕ್ಕೆ ದೇಶ ಬಂದ್. ನಾನಾಗ ಇಂಜಿನಿಯರಿಂಗ್ ಕೊನೆ ವರ್ಷ. ಕಾಲೇಜು ಅದಕ್ಕೂ ಮೊದಲೇ ರಜೆ ಕೊಟ್ಟಿದ್ದರಿಂದ ಊರಲ್ಲಿ ಅವ್ವನ ಕೈ ರೊಟ್ಟಿ ತಿಂದುಕೊಂಡು ಆರಾಮಾಗಿದ್ದೆ. ಮೇ 1ರಿಂದ ಶ್ರಮಿಕ ವಿಶೇಷ ರೈಲುಗಳು ಶುರುವಾದವು. ಮೊದಲನೆಯದು ತೆಲಂಗಾಣದ ಲಿಂಗಂಪಲ್ಲಿಯಿಂದ ಜಾರ್ಖಂಡಿನ ಹಟಿಯಾಕ್ಕೆ. ಆದರೆ ಬೆಂಗಳೂರಿನಲ್ಲಿ ಏನಾಯ್ತು? ಮೇ 5ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಬಿಲ್ಡರುಗಳ ಜೊತೆ ಸಭೆ ಮಾಡಿದರು. ಅದರ ಬೆನ್ನಿಗೇ, ಮರುದಿನದಿಂದ ನಮಗೆ ರೈಲು ಬೇಡ ಅಂತ ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ಕಟ್ಟಡದ ಕೆಲಸ ಶುರುವಾಗಬೇಕಲ್ಲ, ಜನ ಹೋದರೆ ಹೇಗೆ! ದೇಶದ ತುಂಬಾ ಛೀಮಾರಿ ಹಾಕಿಸಿಕೊಂಡು ಒಂದೆರಡು ದಿನದಲ್ಲೇ ತೀರ್ಮಾನ ವಾಪಸ್ ತಗೊಂಡರು. ಅದೇ ವಾರ, ಮೇ 8ರ ಬೆಳಗಿನ ಜಾವ, ಜಾಲ್ನಾದಿಂದ ಮಧ್ಯಪ್ರದೇಶಕ್ಕೆ ನಡೆದು ಹೊರಟಿದ್ದ 16 ಜನ ಔರಂಗಾಬಾದಿನ ಹತ್ತಿರ ಹಳಿ ಮೇಲೆ ಮಲಗಿದ್ದಾಗ ಗೂಡ್ಸ್ ರೈಲಿಗೆ ಸಿಕ್ಕಿ ಸತ್ತರು.

ಒಂದು ಸಲ ಹೋಗಬೇಡಿ ಅಂತ ಕೈಮುಗಿದೆವು, ಇನ್ನೊಂದು ಸಲ ಹೋಗೋ ಹಾಗಿಲ್ಲ ಅಂತ ಬಾಗಿಲು ಹಾಕಿದೆವು. ಎರಡು ಸಲವೂ ‘ನಿಮ್ಮ ಬಾಕಿ ಎಷ್ಟಿದೆ, ಅದು ಕೈಗೆ ಬಂತಾ’ ಅನ್ನೋ ಪ್ರಶ್ನೆ ಮುಂದೆ ಬಂದ ನೆನಪಿಲ್ಲ.

ಕೇಳಿದವರೇ ಇಲ್ಲ ಅಂತಲ್ಲ. ಲಾಕ್‌ಡೌನಿನಲ್ಲಿ ಸ್ಟ್ರಾಂಡೆಡ್ ವರ್ಕರ್ಸ್ ಆ್ಯಕ್ಷನ್ ನೆಟ್‌ವರ್ಕ್ (ಸ್ವಾನ್) ಅನ್ನೋ ಸ್ವಯಂಸೇವಕರ ಗುಂಪು, ತಮಗೆ ಫೋನ್ ಮಾಡಿದ ಹನ್ನೊಂದು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಮಾಹಿತಿ ಇಟ್ಟುಕೊಂಡು ಮೊದಲ 21 ದಿನದ ವರದಿ ಬರೆಯಿತು. ಶೇಕಡ 89 ಜನಕ್ಕೆ ಲಾಕ್‌ಡೌನ್ ಅವಧಿಯ ಕೂಲಿ ಒಂದು ಪೈಸೆಯೂ ಸಿಕ್ಕಿರಲಿಲ್ಲ. ಆದರೆ ನಮಗೆ ನೆನಪಿರೋದು ಬಸ್ಸುಗಳು. ಸೋನು ಸೂದ್ ನೆನಪಿದ್ದಾರೆ (ಅವರು ಮೊದಲು ಕಳಿಸಿದ ಬಸ್ಸುಗಳು ಠಾಣೆಯಿಂದ ನಮ್ಮ ಕಲಬುರಗಿ ಕಡೆಗೇ ಬಂದದ್ದು). ಬೆಂಗಳೂರು ಲಾ ಸ್ಕೂಲಿನ ಹಳೇ ವಿದ್ಯಾರ್ಥಿಗಳು ಚಂದಾ ಎತ್ತಿ ಮುಂಬೈಯಿಂದ ರಾಂಚಿಗೆ ವಿಮಾನವನ್ನೇ ಕಳಿಸಿದ್ದು ನೆನಪಿದೆ. ಅವರು ಮಾಡಿದ್ದು ಸಣ್ಣ ಕೆಲಸ ಅಂತ ನಾನು ಖಂಡಿತ ಹೇಳ್ತಿಲ್ಲ. ಆ ಹೊತ್ತಿನಲ್ಲಿ ಹೆದ್ದಾರಿ ಮೇಲೆ ನಡೀತಿದ್ದವರಿಗೆ ಬಸ್ಸೇ ದೇವರು. ನನ್ನ ತಕರಾರು ಅದರಿಂದ ನಾವು ಕಲಿತ ಪಾಠದ ಬಗ್ಗೆ: ಸಹಾಯ ಅಂದರೆ ವಾಹನ. ಹತ್ತಿಸು, ಕೈ ಬೀಸು, ಮುಗೀತು. ನಾನು ಮೆಜೆಸ್ಟಿಕ್ಕಿನಲ್ಲಿ ಮಾಡಿದ್ದೂ ಅದನ್ನೇ.

ಸರಿ, ಹುಡುಗನ ಕಥೆಗೆ ವಾಪಸ್.

ಮೊದಲು ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ರಕ್ತ ಪರೀಕ್ಷೆ ಮಾಡಿ ನೋಡಿದ ಡಾಕ್ಟರ್, ಇನ್ನೊಂದು ವಾರ ಪ್ರಯಾಣದ ಮಾತೇ ಎತ್ತಬೇಡಿ, ಕುದಿಸಿದ ನೀರು, ವಿಶ್ರಾಂತಿ, ಎಣ್ಣೆ ಖಾರ ಬೇಡ ಅಂದರು. ಆಮೇಲೆ ‘ಹೋದ ವಾರ ಇವನನ್ನ ರೈಲು ಹತ್ತಿಸೋಕೆ ಹೋಗಿದ್ದಿರಾ?’ ಅಂತ ನನ್ನ ಮುಖ ನೋಡಿದರು. ನಾನು ಗೋಡೆ ಮೇಲಿನ ಪೋಸ್ಟರ್ ಓದಿದೆ. ಸ್ಟೇಟಸ್ಸಿನ ಸೆಲ್ಫಿ ತಾನಾಗೇ ಅಳಿಸಿ ಹೋಗಿತ್ತು, ಆದರೂ ಫೋನಿನಿಂದಲೂ ಅದನ್ನ ತೆಗೆದುಹಾಕಿದೆ.

ಆಮೇಲೆ ಹಿಸಾಬ್. ಅವನು ಹೇಳಿದ ಲೆಕ್ಕ ಹೀಗೆ: 74 ದಿನ, ದಿನಕ್ಕೆ 550ರಂತೆ 40,700. ಖರ್ಚಿ ಹನ್ನೊಂದು ವಾರಕ್ಕೆ 11,000. ಊರಲ್ಲಿ ಅಪ್ಪನ ಕೈಗೆ ಕೊಟ್ಟ ಅಡ್ವಾನ್ಸ್ 5,000. ಬರಬೇಕಾದದ್ದು 24,700. ಮೇಸ್ತ್ರಿಗೆ ಫೋನ್ ಮಾಡಿದೆ. ಅವನೂ ಅದೇ ಜಿಲ್ಲೆಯವನು, ಈ ಹುಡುಗನ ಪಕ್ಕದ ಊರು. ಅವನ ಲೆಕ್ಕ: 61 ದಿನ, 33,550. ಖರ್ಚಿ ಅಡ್ವಾನ್ಸ್ ಕಳೆದು 17,550. ಅದರಲ್ಲಿ ಮೆಸ್ಸು, ಗ್ಯಾಸು 4,000. ಬರುವಾಗಿನ ರೈಲು ಚಾರ್ಜು 1,200. ಹೆಲ್ಮೆಟ್ಟು, ಬೂಟು 850. ಉಳಿದದ್ದು 11,500, ಅದೂ ‘ಬಿಲ್ ಆದ ಮೇಲೆ’. ಹೆಲ್ಮೆಟ್ಟಿಗೂ ಕೂಲಿಯಲ್ಲಿ ಕತ್ತರಿ!

ಹಾಜರಿಗೆ ಇವನ ಹತ್ತಿರ ಪುಸ್ತಕ ಇರಲಿಲ್ಲ. ಇದ್ದದ್ದು ಮೇಸ್ತ್ರಿಯ ಡೈರಿಯಲ್ಲಿ, ಮೇಸ್ತ್ರಿಯ ಕೈಬರಹದಲ್ಲಿ. ಏನು ಮಾಡೋದು ಅಂತ ಕೂತಾಗ ಇವನ ಒಡೆದ ಗಾಜಿನ ಫೋನು ಕಣ್ಣಿಗೆ ಬಿತ್ತು. ‘ಫೋಟೋ ತೆಗೀತೀಯಾ?’ ಅಂದೆ. ಹುಡುಗ ದಿನಾ ಸೆಲ್ಫಿ ತೆಗೆದಿದ್ದಾನೆ ಮಾರಾಯ್ರೆ! ಹನ್ನೆರಡನೇ ಮಹಡಿಯ ಸ್ಲ್ಯಾಬ್ ಮೇಲೆ, ಕ್ರೇನ್ ಮುಂದೆ, ಕಬ್ಬಿಣದ ರಾಶಿಯ ಮೇಲೆ ಕಾಲಿಟ್ಟು ಸಿನಿಮಾ ಹೀರೋ ಥರ. ಪ್ರತಿಯೊಂದರಲ್ಲೂ ತಾರೀಖು, ಗಂಟೆ. ಟೀ ಅಂಗಡಿ ಕಟ್ಟೆ ಮೇಲೆ ಕೂತು ಒಂದೊಂದೇ ತಾರೀಖು ಬರೆದುಕೊಂಡೆವು. 63 ದಿನದ ಫೋಟೋ ಸಿಕ್ಕವು. ಮೇಸ್ತ್ರಿ ‘ಬಂದಿಲ್ಲ’ ಅಂದಿದ್ದ ದಿನಗಳಲ್ಲಿ ಕೆಲವು ದಿನ ಮೇಸ್ತ್ರಿಯೇ ಇವನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದ.

ಕಾರ್ಮಿಕ ಇಲಾಖೆಯ ಸಹಾಯವಾಣಿ 155214 ಇದೆ, ದೂರು ಕೊಡಬಹುದು. ಕಾನೂನೂ ಇದೆ. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂದದ್ದು 1979ರಲ್ಲಿ. ಊರಿಂದ ಬರೋಕೆ, ಊರಿಗೆ ಹೋಗೋಕೆ ಪ್ರಯಾಣ ಭತ್ಯೆ ಕೊಡಬೇಕು, ಪ್ರಯಾಣದ ದಿನಗಳಿಗೂ ಕೂಲಿ ಕೊಡಬೇಕು ಅಂತ ಅದರಲ್ಲಿತ್ತು. ಅಂದರೆ ನಮ್ಮ ಮೇಸ್ತ್ರಿ ‘ಕಳೆದ’ 1,200 ರೂಪಾಯಿ ಮಾಲೀಕರ ಕಡೆಯಿಂದ ಬರಬೇಕಾದದ್ದು. 2025ರ ನವೆಂಬರ್ 21ರಿಂದ ಜಾರಿಗೆ ತಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಆ ಹಳೇ ಕಾಯ್ದೆ ಕರಗಿಹೋಗಿದೆ. ಹೋಗಿ ಬರೋ ಪ್ರಯಾಣದ ಭತ್ಯೆ ಹೊಸದರಲ್ಲೂ ಉಂಟು. ಆದರೆ ಮೊದಲು ಐದು ಜನ ಹೊರರಾಜ್ಯದವರಿದ್ದರೆ ಕಾನೂನು ಅನ್ವಯಿಸ್ತಿತ್ತು, ಈಗ ಹತ್ತು ಜನ ಇರಬೇಕು. ಕೆಲಸ ಬಿಟ್ಟವನ ಬಾಕಿಯನ್ನ ಎರಡು ಕೆಲಸದ ದಿನದೊಳಗೆ ಚುಕ್ತಾ ಮಾಡಬೇಕು ಅಂತ ವೇತನ ಸಂಹಿತೆ ಹೇಳುತ್ತೆ. ಗುತ್ತಿಗೆದಾರ ಕೊಡದಿದ್ದರೆ ಮೇಲಿನ ಮುಖ್ಯ ಮಾಲೀಕ ಕೊಡಬೇಕು ಅನ್ನೋದು ಹಳೇ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ಇರೋ ನಿಯಮ. ಎರಡು ದಿನ! ಓದೋಕೆ ಎಷ್ಟು ಚೆನ್ನಾಗಿದೆ.

ನಿಜದಲ್ಲಿ ಏನಾಯ್ತು ಅಂದರೆ, ನಾನು ಸೈಟಿನ ಗೇಟಿಗೆ ಹೋದೆ. ಸೆಕ್ಯುರಿಟಿಯವನು ಬಿಡಲಿಲ್ಲ. ಗೇಟಿನ ಬೋರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಸೈಟ್ ಇಂಜಿನಿಯರ್ ಬಂದರು. ಮಾತಾಡುತ್ತಾ ಗೊತ್ತಾಯ್ತು, ಅವರೂ ವಿಟಿಯು, ಸಿವಿಲ್, ನನಗಿಂತ ಎರಡು ವರ್ಷ ಸೀನಿಯರ್, ಊರು ಗದಗ. ಅಷ್ಟಾದ ಮೇಲೆ ಎಲ್ಲ ಸಲೀಸು. ಮೇಸ್ತ್ರಿಯನ್ನ ಕರೆಸಿದರು. ಗೇಟ್ ರಿಜಿಸ್ಟರ್ ತರಿಸಿದರು. ಫೋಟೋ ಇಲ್ಲದ ಏಳು ದಿನ ರಿಜಿಸ್ಟರಿನಲ್ಲಿ ಸಿಕ್ಕವು. 70 ದಿನಕ್ಕೆ 38,500. 16,000 ಕಳೆದು 22,500. ಗ್ಯಾಸಿನ ಪಾಲು 1,500 ಅಂತ ಹುಡುಗನೇ ಒಪ್ಪಿದ. 21,000. ಅದರಲ್ಲಿ 14,000 ಅಲ್ಲೇ ಅವನ ಅಕೌಂಟಿಗೆ ಹಾಕಿಸಿದ್ದಾಯ್ತು. 7,000 ಆಮೇಲೆ.

ಖುಷಿ ಆಯ್ತಾ ಅಂದರೆ ಆಯ್ತು. ಆದರೆ ರಾತ್ರಿ ಮಲಗಿದಾಗ ಇನ್ನೊಂದು ಯೋಚನೆ ಕೊರೆಯೋಕೆ ಶುರು. ಅಲ್ಲಿ ಕೆಲಸ ಮಾಡಿದ್ದು 1979ರ ಕಾಯ್ದೆ ಅಲ್ಲ, ಯಾವ ಸಂಹಿತೆಯೂ ಅಲ್ಲ. ನನ್ನ ಕನ್ನಡ, ನನ್ನ ಕೊರಳಲ್ಲಿದ್ದ ಕಂಪನಿ ಐಡಿ ಕಾರ್ಡು, ‘ಓ ನೀವೂ ನಮ್ಮ ಕಡೆಯವರಾ’ ಅನ್ನೋ ಮಾತು. ಹುಡುಗ ದುಡಿದ ದುಡ್ಡು ಹುಡುಗನಿಗೆ ಕೊಡಿಸೋಕೆ ನನ್ನ ಶಿಫಾರಸು ಬೇಕಾಯ್ತು. ಆ ಶೆಡ್ಡುಗಳಲ್ಲಿ ಇನ್ನೂ ಎಷ್ಟು ಜನ ಇದ್ದಾರೋ, ಅವರಿಗೆ ಟೀ ಅಂಗಡಿಯಲ್ಲಿ ಸಿಕ್ಕ ವಿಟಿಯುದವನು ಯಾರೂ ಇಲ್ಲ.

ಮೇಸ್ತ್ರಿಯನ್ನ ರಾಕ್ಷಸ ಮಾಡೋಕೂ ನನಗೆ ಮನಸ್ಸಿಲ್ಲ. ಆವತ್ತು ಹೊರಗೆ ಬಂದು ಬೀಡಿ ಹಚ್ಚಿ ಹೇಳಿದ, ಅವನಿಗೆ ಸಬ್ ಕಾಂಟ್ರಾಕ್ಟರಿನಿಂದ ಎರಡು ತಿಂಗಳ ಬಿಲ್ ಬಾಕಿ ಇದೆ ಅಂತ. ಸಬ್ ಕಾಂಟ್ರಾಕ್ಟರಿಗೆ ಮೇಲಿನವರಿಂದ ಬಾಕಿ, ಅವರಿಗೆ ಬಿಲ್ಡರಿನಿಂದ. ಬಾಕಿ ಕೆಳಗೆ ಇಳೀತಾ ಇಳೀತಾ ಕೊನೆಗೆ ಬಂದು ನಿಲ್ಲೋದು ಕೂಲಿಯವನ ಅನ್ನದ ತಟ್ಟೆಯ ಮೇಲೆ. ಎದುರಿಗೆ ಏಳುತ್ತಿರೋ ಆ ಕಟ್ಟಡ ನಡೀತಿರೋದು ಬ್ಯಾಂಕ್ ಸಾಲದ ಮೇಲೆ ಅಂತ ನಾವು ತಿಳ್ಕೊಂಡಿರ್ತೀವಿ. ಇಂಥ ಹುಡುಗರು ಬಡ್ಡಿ ಇಲ್ಲದೆ ಕೊಟ್ಟ ಸಾಲವೂ ಅದರಲ್ಲಿದೆ.

ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಈ ವಿಷಯ ಬಂದಾಗ ಒಬ್ಬ ಅಂಕಲ್ ಬರೆದರು: ‘ಬೇಗ ಊರಿಗೆ ಕಳಿಸಿಬಿಡಿ, ಇಲ್ಲೇ ಏನಾದ್ರೂ ಆದ್ರೆ ನಮಗೆ ತಲೆನೋವು.’ ಇನ್ನೊಬ್ಬರು, ‘ಇವರೆಲ್ಲ ಇಲ್ಲಿಗೆ ಬರೋದೇ ತಪ್ಪು.’ ಕಳಿಸಿಬಿಡಿ ಅನ್ನೋ ಮಾತಿಗೆ ಎರಡು ಅರ್ಥ ಇದೆ ಅಂತ ಆವತ್ತು ಗೊತ್ತಾಯ್ತು. ಮನೆ ಸೇರಿಸೋದು ಒಂದು, ಕಣ್ಣಿಂದ ದೂರ ಮಾಡೋದು ಇನ್ನೊಂದು. ನಾನು ಮೊದಲ ಸಲ ತೆಗೆಸಿದ ಟಿಕೆಟ್ ಎರಡರಲ್ಲಿ ಯಾವುದಾಗಿತ್ತು ಅಂತ ನನಗೇ ಖಾತ್ರಿ ಇಲ್ಲ. ಬೆಳಗ್ಗೆ ಬೆಳಗ್ಗೆ ಆ ಕಟ್ಟೆ ಮೇಲೆ ಅವನನ್ನ ನೋಡೋದು ನನಗೂ ಕಷ್ಟವಾಗ್ತಿತ್ತು. (ಕನ್ನಡಿಗರ ಕೆಲಸದ ವಿಷಯ ನನಗೂ ಮುಖ್ಯವೇ, ಅದರ ಬಗ್ಗೆ ಜಗಳ ಆಡೋದಾದರೆ ಬೇರೆ ದಿನ ಆಡೋಣ. ಆದರೆ ಗೋವಾದವರು ನಮ್ಮ ಕಾಕಾನ ಬಗ್ಗೆ ಇದೇ ಮಾತು ಆಡಿರ್ತಾರೆ ಅನ್ನೋದು ನನ್ನ ತಲೆಯಿಂದ ಹೋಗಲ್ಲ.)

ದುಡ್ಡು ಬಂದ ಮೇಲೂ ಅವನನ್ನ ಒಬ್ಬನೇ ಕಳಿಸೋಕೆ ಧೈರ್ಯ ಬರಲಿಲ್ಲ. ವಿಜಯನಗರಂನಲ್ಲಿ ಇಳಿದು ಇನ್ನೊಂದು ರೈಲು ಹಿಡೀಬೇಕು, ಅಲ್ಲಿ ತಲೆಸುತ್ತಿ ಬಿದ್ದರೆ ಯಾರು? ಇದಕ್ಕೆ ಉತ್ತರ ಕೊಟ್ಟವನು ಅವನೇ. ‘ನುವಾಖಾಯ್‌ಗೆ ನಮ್ಮ ಶೆಡ್ಡಿನ ಇಬ್ಬರು ಹೋಗ್ತಾರೆ, ಅವರ ಜೊತೆ ಹೋಗ್ತೀನಿ’ ಅಂದ. ನುವಾಖಾಯ್ ಅಂದರೆ ಹೊಸ ಅಕ್ಕಿ ಉಣ್ಣೋ ಹಬ್ಬ, ನಮ್ಮ ಗಣೇಶ ಚೌತಿಯ ಮರುದಿನ ಬರುತ್ತೆ. ಪಶ್ಚಿಮ ಒಡಿಶಾದಲ್ಲಿ ಎಲ್ಲಿದ್ದರೂ ಆವತ್ತಿಗೆ ಮನೆ ಸೇರಬೇಕು ಅನ್ನೋ ಹಬ್ಬ ಅದು. ಈ ಯೋಜನೆ ಅವನ ತಲೆಯಲ್ಲಿ ಮೊದಲಿನಿಂದಲೂ ಇತ್ತು: ಹಬ್ಬದ ಹೊತ್ತಿಗೆ ಹಿಸಾಬ್, ಗೆಳೆಯರ ಜೊತೆ ರೈಲು, ತಂಗಿಗೆ ಬಟ್ಟೆ. ನಾನು ನಡುವೆ ಬಂದು ತತ್ಕಾಲ್ ಟಿಕೆಟ್ ಹಿಡಿಸಿದ್ದೆ. ಒಂದೇ ಒಂದು ಪ್ರಶ್ನೆ, ‘ನಿನಗೆ ಯಾವಾಗ, ಹೇಗೆ ಹೋಗಬೇಕು ಅಂತಿದೆ?’ ಅಂತ ಮೊದಲ ದಿನ ಕೇಳಿದ್ದರೆ ಸಾಕಿತ್ತು.

ಆ ಒಂದು ವಾರ ಶೆಡ್ಡಿನಲ್ಲೇ ಇದ್ದ. ಟೀ ಅಂಗಡಿ ಅಣ್ಣ ದಿನಾ ಒಂದು ಕ್ಯಾನ್ ನೀರು ಕುದಿಸಿ ಇಡ್ತಿದ್ದರು. ದುಡ್ಡು ಕೊಡೋಕೆ ಹೋದರೆ ‘ಗ್ಯಾಸ್ ಹೆಂಗೂ ಉರೀತಿರ್ತದೆ ಬಿಡಿ ಸಾರ್’ ಅಂದರು. ನಿಜವಾದ ಸಹಾಯ ಮಾಡಿದವರು ಅವರು. ಅವರ ಸ್ಟೇಟಸ್ಸಿನಲ್ಲಿ ಧರ್ಮಸ್ಥಳದ ಫೋಟೋ ಬಿಟ್ಟು ಬೇರೇನೂ ಇರಲ್ಲ.

ಹೊರಡೋ ಹಿಂದಿನ ದಿನ ಅವನ ಅಕ್ಕನ ಗಂಡನಿಗೆ ಫೋನ್ ಮಾಡಿಸಿ, ಯಾವ ರೈಲು, ಯಾವ ಹೊತ್ತಿಗೆ ಕೇಸಿಂಗಾ ಅಂತ ಹೇಳಿಸಿದೆವು. ಆತ ಬೈಕ್ ತಗೊಂಡು ಸ್ಟೇಷನ್ನಿಗೆ ಬರೋದು ಅಂತಾಯ್ತು. ದುಡ್ಡು ಅಕೌಂಟಿನಲ್ಲಿ, ಕೈಯಲ್ಲಿ 1,500 ಮಾತ್ರ, ಅದೂ ಎರಡು ಕಡೆ. ಆಸ್ಪತ್ರೆ ಚೀಟಿಯ ಫೋಟೋ ಅವನ ಫೋನಿನಲ್ಲೂ ಜೊತೆಯವನ ಫೋನಿನಲ್ಲೂ. ರೈಲಿನಲ್ಲಿ ಹುಷಾರು ತಪ್ಪಿದರೆ 139ಕ್ಕೆ ಹೇಗೆ ಫೋನ್ ಮಾಡೋದು ಅಂತ ತೋರಿಸಿದೆ. ಗುರುತಿಲ್ಲದವರು ಕೊಟ್ಟದ್ದು ತಿನ್ನಬೇಡ ಅಂದೆ. ‘ನಿಮ್ಮ ಬಿಸ್ಕತ್ತು ತಿಂದಿದ್ದೆನಲ್ಲ’ ಅಂದ. ಕಾಯಿಲೆ ವಾಸಿಯಾಗ್ತಿದೆ ಅಂತ ನನಗೆ ಆಗ ನಂಬಿಕೆ ಬಂತು.

ಈ ಸಲ ರೈಲು ಹೊರಡೋವರೆಗೂ ನಿಂತಿದ್ದೆ. ಫೋಟೋ ತೆಗೀಲಿಲ್ಲ. ಮಾರನೇ ರಾತ್ರಿ ಫೋನ್ ಬಂತು. ಹಿಂದೆ ನಾಯಿ ಬೊಗಳೋ ಸದ್ದು, ಯಾರೋ ಹೆಂಗಸು ಜೋರಾಗಿ ಬೈತಿರೋ ಸದ್ದು. ಅಮ್ಮ ಅಂತೆ, ಇಷ್ಟು ಸಣ್ಣ ಆಗಿದ್ದೀಯಲ್ಲ ಅಂತ ಬೈತಿದ್ದರಂತೆ. ನಾಲ್ಕು ತಿಂಗಳು ಬಿಟ್ಟು ಮತ್ತೆ ಬರ್ತಾನಂತೆ, ಬೆಂಗಳೂರಿಗೇ, ಆದರೆ ಬೇರೆ ಮೇಸ್ತ್ರಿ. ಬಾ, ಆದರೆ ಮೊದಲ ದಿನದಿಂದಲೇ ಹಾಜರಿ ಬರೆದಿಟ್ಟುಕೋ ಅಂದೆ. ‘ಸೆಲ್ಫಿ ತೆಗೀತೀನಿ’ ಅಂದ.

ಉಳಿದ 7,000ದಲ್ಲಿ 4,000 ಬಂದಿದೆ. 3,000 ಬಾಕಿ. ಪ್ರತಿ ಭಾನುವಾರ ಮೇಸ್ತ್ರಿಗೆ ನಾನು ಫೋನ್ ಮಾಡ್ತೀನಿ. ಮೊದಮೊದಲು ಎತ್ತುತ್ತಿರಲಿಲ್ಲ, ಈಗ ಎತ್ತುತ್ತಾನೆ. ಮೊನ್ನೆ ‘ಸೋಮವಾರ ಹಾಕ್ತೀನಿ ಸಾರ್’ ಅಂದ. ಯಾವ ಸೋಮವಾರ ಅಂತ ಕೇಳಿ ತಾರೀಖು ಬರೆದುಕೊಂಡಿದ್ದೀನಿ.